ಎಲ್ಲಿ ಬಿದ್ದೆ ಎಂದು ಕೇಳಿದ್ದೇವೆಯೇ?

ಕಾಲೇಜೊಂದರ ಆರೋಗ್ಯಕೇಂದ್ರಕ್ಕೆ ನಾವು ವಾರಕ್ಕೆರಡು ಬಾರಿ ಹೋಗಿಬರುತ್ತಿದ್ದ ಕಾಲದ ಮಾತಿದು. ಸೈಕಲ್ಲಿನಿಂದ ಬಿದ್ದು ಅಂಗೈ, ಮೊಣಕಾಲು ತರಚಿಕೊಂಡ ವಿದ್ಯಾರ್ಥಿಗಳು ಬರುವುದು ಅಲ್ಲಿ ಸಾಮಾನ್ಯವಾಗಿತ್ತು. ಗಾಯ ತೊಳೆದು, ಔಷಧ ಲೇಪಿಸಿ, ಧನುರ್ವಾತದ ಚುಚ್ಚುಮದ್ದಿನ ವಿಚಾರ ಕೇಳಿ, ದಾಖಲೆ ಪುಸ್ತಕದಲ್ಲಿ ‘ಬಿದ್ದು ಗಾಯ’ ಎಂದು ಬರೆದು ಕಳುಹಿಸುತ್ತಿದ್ದೆವು. ಒಂದು ಸಂಜೆ ಅಕ್ಷಕಾಸ್ಥಿ, ಅಂದರೆ ಕೊರಳ ಬುಡದ ಎಲುಬು, ಮುರಿದ ಹುಡುಗನೊಬ್ಬನನ್ನು ಗೆಳೆಯರು ಕರೆತಂದರು. ಗ್ರಂಥಾಲಯದ ಹಿಂದಿನ ದಾರಿಗೆ ಅಡ್ಡಲಾಗಿ ಕಟ್ಟಿದ್ದ ಕಬ್ಬಿಣದ ಸರಪಳಿ ಮುಸ್ಸಂಜೆಯಲ್ಲಿ ಅವನಿಗೆ ಕಂಡಿರಲಿಲ್ಲ. “ಅಲ್ಲಿ ಬಿದ್ದವರಲ್ಲಿ ಇವನೇ ಮೊದಲಲ್ಲ ಸರ್” ಎಂದನೊಬ್ಬ. ಹಳೆಯ ಪುಟಗಳನ್ನು ತಿರುವಿದೆವು. ‘ಬಿದ್ದು ಗಾಯ’, ‘ಬಿದ್ದು ಗಾಯ’. ಎಲ್ಲಿ ಎಂಬುದು ಒಂದು ಸಾಲಿನಲ್ಲಿಯೂ ಇರಲಿಲ್ಲ. ಬರೆದ ಕೈ ನಮ್ಮದೇ.

ಸುಶ್ರುತಾಚಾರ್ಯರು ಸದ್ಯೋವ್ರಣವನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು 6 ಬಗೆಯಾಗಿ ವಿಂಗಡಿಸಿದ್ದಾರೆ. ತರಚುಗಾಯ ಘೃಷ್ಟಕ್ಕೆ ಸೇರುತ್ತದೆ. ಗಾಯದ ಬಗೆಯನ್ನು ಚೆನ್ನಾಗಿ ಕಲಿತ ನಾವು ನಿದಾನ ಪರಿವರ್ಜನವನ್ನು, ರೋಗದ ಕಾರಣವನ್ನೇ ದೂರಮಾಡುವುದನ್ನು, ಪರೀಕ್ಷೆಗೆ ಬರೆದು ಮರೆತಿದ್ದೆವೇನೋ.

ಪೊಲೀಸರ ಬಳಿ ಮಾಹಿತಿ ಇರುವುದಿಲ್ಲವೇ ಎಂದು ಓದುಗರು ಕೇಳಬಹುದು. 2021ರಲ್ಲಿ ಆರಂಭವಾದ ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯನ್ನು ಮೊದಲಿಗೆ ಅಳವಡಿಸಿಕೊಂಡ 6 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಆವರಣದೊಳಗೆ ಒಬ್ಬನೇ ಜಾರಿ ಬಿದ್ದವನ ಸುದ್ದಿಯನ್ನು ಠಾಣೆಗೆ ಒಯ್ಯುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 10ನೆಯ ಆವೃತ್ತಿಯಲ್ಲಿ ಸೈಕಲ್ ಸವಾರರ ಗಾಯಗಳಿಗೆಂದೇ ವಿ10ರಿಂದ ವಿ19ರವರೆಗೆ ಸಂಕೇತಗಳಿವೆ. ಇನ್ನೊಂದು ಸೈಕಲ್ಲಿಗೆ ಡಿಕ್ಕಿಯಾದರೆ ವಿ11, ಸರಪಳಿಯಂತಹ ನಿಶ್ಚಲ ವಸ್ತುವಿಗಾದರೆ ವಿ17, ಯಾವುದಕ್ಕೂ ತಾಗದೆ ಬಿದ್ದರೆ ವಿ18. ಸಾರ್ವಜನಿಕ ರಸ್ತೆಯಲ್ಲಾದದ್ದನ್ನೂ ಅದರ ಹೊರಗಾದದ್ದನ್ನೂ ಅಲ್ಲಿ ಬೇರ್ಪಡಿಸಲಾಗಿದೆ.

ಚಿಕ್ಕ ಆರೋಗ್ಯಕೇಂದ್ರಕ್ಕೆ ಇಷ್ಟೆಲ್ಲ ಬೇಡ. ಸ್ಥಳ, ವೇಳೆ, ಬೆಳಕು, ತಾಗಿದ್ದೇನು ಎಂಬಷ್ಟು ಸಾಕು. ಹೆಸರು ಆ ಪಟ್ಟಿಯಲ್ಲಿ ಬೇಡವೇ ಬೇಡ. ಮನೆಗೆ ತಿಳಿದೀತು, ವಾರ್ಡನ್ ಗದರಿಯಾರು ಎಂಬ ಅಂಜಿಕೆಯಿಂದಲೇ ಅರ್ಧ ಮಂದಿ ಬಾಯಿ ಬಿಡುವುದಿಲ್ಲ. ನಮ್ಮಲ್ಲಿಗೆ ಬಾರದವರ ಸಂಗತಿ ಗೇಟಿನ ಕಾವಲುಗಾರನಿಗೂ ಪಂಕ್ಚರ್ ಅಂಗಡಿಯವನಿಗೂ ಗೊತ್ತಿರುತ್ತದೆ. ಸೊಟ್ಟಗಾದ ರಿಮ್ಮು ಹೋಗುವುದು ಅವನಲ್ಲಿಗೆ, ವೈದ್ಯರಲ್ಲಿಗಲ್ಲ. ಜತೆಗೆ ಆವರಣದಲ್ಲಿ ಓಡಾಡುವ ಸೈಕಲ್ಲುಗಳೆಷ್ಟು ಎಂಬುದನ್ನೂ ಆಗಾಗ ಎಣಿಸಬೇಕು. ಸವಾರರು ಇಮ್ಮಡಿಯಾದಾಗ ಬಿದ್ದವರೂ ಇಮ್ಮಡಿಯಾದರೆ ದಾರಿ ಕೆಟ್ಟಿತೆನ್ನಲಾಗದು. ಬಿದ್ದವರನ್ನಷ್ಟೇ ಎಣಿಸಿದ ಆಡಳಿತಕ್ಕೆ ಮೊದಲು ತೋಚುವ ಉಪಾಯ ಸೈಕಲ್ಲನ್ನೇ ನಿಷೇಧಿಸುವುದು. ವ್ಯಾಯಾಮವಿಲ್ಲದ ಹುಡುಗರಿಗೆ ಸ್ಥೌಲ್ಯದ ಚಿಕಿತ್ಸೆ ಮಾಡುವ ಸರದಿ ಆಮೇಲೆ ನಮ್ಮದು!

ಮರುವಾರ ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು ‘ಸ್ಥಳ’ ಎಂದು ಬರೆದೆವು. ಮಳೆಗಾಲ ಮುಗಿಯುವುದರೊಳಗೆ ಊಟದ ಮನೆಯ ಇಳಿಜಾರಿನ ಹೆಸರು ಮತ್ತೆ ಮತ್ತೆ ಬಂದಿತು. ಆ ಪುಟವನ್ನೇ ಪ್ರಾಂಶುಪಾಲರ ಮುಂದಿಟ್ಟೆವು. ಅಲ್ಲಿ ಚೆಲ್ಲಿದ್ದ ಜಲ್ಲಿಯನ್ನು ಎರಡೇ ದಿನಗಳಲ್ಲಿ ಗುಡಿಸಿ ತೆಗೆದರು. ಸರಪಳಿಯನ್ನು ಬಿಚ್ಚಲಿಲ್ಲ, ಕಾವಲುಗಾರ ಅದಕ್ಕೊಂದು ಬಿಳಿಯ ಬಟ್ಟೆ ಕಟ್ಟಿದ.