ಜತ್ತ ಸೀಮೆಯ ಕನ್ನಡ ಶಾಲೆಗಳು: ಊರ ಪಾಲ್ಗೊಳ್ಳುವಿಕೆಯ ಸ್ವರೂಪ

ಹೊರನಾಡ ಕನ್ನಡಿಗರ ಶಿಕ್ಷಣವೆಂದೊಡನೆ ನಮ್ಮ ಸಂಶೋಧಕರ ದೃಷ್ಟಿ ಸಾಮಾನ್ಯವಾಗಿ ನಗರಗಳ ಕಡೆಗೆ ಹೊರಳುತ್ತದೆ. ಮುಂಬಯಿಯ ರಾತ್ರಿಶಾಲೆಗಳನ್ನು ಕುರಿತು, ಪುಣೆ ಹೈದರಾಬಾದುಗಳ ಸಂಘಸಂಸ್ಥೆಗಳು ನಡೆಸಿದ ಶಾಲೆಗಳನ್ನು ಕುರಿತು ಸ್ಮರಣಸಂಚಿಕೆಗಳಿವೆ, ಲೇಖನಗಳಿವೆ. ಆದರೆ ವಲಸೆ ಹೋಗದೆಯೇ ಹೊರನಾಡಿಗರಾದ ಕನ್ನಡಿಗರೂ ಇದ್ದಾರೆ. ತಾತ ಮುತ್ತಾತಂದಿರು ಉತ್ತ ನೆಲದಲ್ಲಿಯೇ ಇದ್ದುಕೊಂಡು, ರಾಜ್ಯಗಳ ಪುನರ್ವಿಂಗಡಣೆಯ ಫಲವಾಗಿ ಅನ್ಯಭಾಷೆಯ ಆಡಳಿತಕ್ಕೆ ಸೇರಿದವರು ಅವರು. ಅವರ ಹಳ್ಳಿಯ ಶಾಲೆಯನ್ನು ಕಟ್ಟಿದವರು ಯಾರು, ಇಂದು ಅದನ್ನು ಹಿಡಿದು ನಿಲ್ಲಿಸಿರುವವರು ಯಾರು ಎಂಬ ಪ್ರಶ್ನೆಗಳು ನಮ್ಮಲ್ಲಿ ಅಷ್ಟಾಗಿ ಚರ್ಚೆಗೊಳಗಾಗಿಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ೧೯೪೮ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. ೧೯೫೬ರಲ್ಲಿ ಪಕ್ಕದ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಜತ್ತ ಮುಂಬಯಿಯಲ್ಲಿಯೇ ಉಳಿಯಿತು. ೧೯೬೦ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ತಾಲೂಕಿನ ಪೂರ್ವಭಾಗದ ಉಮದಿ, ಸಂಖ, ತಿಕ್ಕುಂಡಿ ಮೊದಲಾದ ಊರುಗಳಲ್ಲಿ ಮನೆಮಾತು ಬಹುಮಟ್ಟಿಗೆ ಕನ್ನಡ. ಹನ್ನೆರಡನೆಯ ಶತಮಾನದ ಶರಣೆಯೆಂದು ಭಕ್ತರು ಪೂಜಿಸುವ ದಾನಮ್ಮನ ಹುಟ್ಟೂರು ಉಮರಾಣಿಯೂ ಆಕೆಯ ಕ್ಷೇತ್ರವಾದ ಗುಡ್ಡಾಪುರವೂ ಈ ತಾಲೂಕಿನಲ್ಲಿಯೇ ಇವೆ. ಮಳೆ ಕಡಿಮೆಯ ಸೀಮೆಯಿದು. ಜನರು ಊರೊಳಗೆ ಮಾತ್ರವಲ್ಲದೆ ಹೊಲಗಳ ನಡುವಿನ ವಸ್ತಿಗಳಲ್ಲಿ ಚದುರಿ ವಾಸಿಸುತ್ತಾರೆ. ಶಾಲೆಯ ವಿಷಯದಲ್ಲಿ ಈ ಚದುರುವಿಕೆಯ ಪರಿಣಾಮ ದೊಡ್ಡದು. ಮುಂದೆ ಅದಕ್ಕೆ ಬರುತ್ತೇವೆ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮುಂಬಯಿಯಲ್ಲಿ ಕನ್ನಡಿಗರ ಸಂಸ್ಥೆಯೊಂದು ಸ್ಥಾಪಿಸಿ ನಡೆಸುವ ಶಾಲೆಗೆ ಸಂವಿಧಾನದ ೩೦ನೆಯ ವಿಧಿಯ ಆಶ್ರಯವಿದೆ. ಅದು ಅಲ್ಪಸಂಖ್ಯಾತರು ತಾವಾಗಿ ಕಟ್ಟಿ ತಾವೇ ಆಳುವ ಶಾಲೆ. ಜತ್ತದ ಹಳ್ಳಿಯ ಕನ್ನಡ ಶಾಲೆ ಅಂಥದಲ್ಲ. ಅದು ಜಿಲ್ಲಾ ಪರಿಷತ್ತಿನ ಶಾಲೆ. ಅಂದರೆ ಸ್ಥಳೀಯ ಸರಕಾರದ ಆಸ್ತಿ. ಅದಕ್ಕಿರುವ ಆಧಾರ ೧೯೫೬ರ ಏಳನೆಯ ತಿದ್ದುಪಡಿಯಿಂದ ಸೇರಿದ ೩೫೦-ಎ ವಿಧಿ. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಮೊದಲನೆಯದು ಆಳುವ ಹಕ್ಕು; ಎರಡನೆಯದು ಸೌಲಭ್ಯದ ನಿರೀಕ್ಷೆ. ನಗರದ ಶಾಲೆಗಳಿಂದ ರೂಪಿಸಿದ ಅಧ್ಯಯನಕ್ರಮವನ್ನು ಹಳ್ಳಿಯ ಶಾಲೆಗೆ ಹಾಗೆಯೇ ಅನ್ವಯಿಸುವ ವಿದ್ವಾಂಸರು ಈ ಅಂತರವನ್ನು ಮರೆಯುತ್ತಾರೆ. ಆಗ ಹಳ್ಳಿಗರು 'ಸಂಘಟಿತರಾಗಿಲ್ಲ' ಎಂಬ ಅವಸರದ ತೀರ್ಮಾನ ಹುಟ್ಟುತ್ತದೆ.

ಊರು ಶಾಲೆಯನ್ನು ಸಾಕುವ ಪದ್ಧತಿ ಈ ಪ್ರದೇಶಕ್ಕೆ ಹೊಸದಲ್ಲ. ಗಡಿಯಾಚೆ, ಇಂಡಿ ತಾಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಅಲ್ಲಿಯ ಶಕವರ್ಷ ೮೬೭ರ, ಎಂದರೆ ಕ್ರಿ.ಶ. ೯೪೫ರ, ಸಂಸ್ಕೃತ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಪಾವಿಟ್ಟಗೆಯಲ್ಲಿ ಕಟ್ಟಿಸಿದ ಶಾಲೆಯನ್ನು ವರ್ಣಿಸುತ್ತದೆ. 'ಶಾಲಾಪಾವಿಟ್ಟಗೆ'ಯೇ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರ ಅಭಿಪ್ರಾಯ. ಮಂತ್ರಿಯು ಕಟ್ಟಡವನ್ನು ಕಟ್ಟಿಸಿದ, ಸರಿ. ಆದರೆ ಶಾಲೆ ನಡೆದದ್ದು ಊರಿನ ಕೊಡುಗೆಯಿಂದ. ಐನೂರು ನಿವರ್ತನ ಭೂಮಿ, ವಿದ್ಯಾರ್ಥಿಗಳ ವಾಸಕ್ಕೆ ಇಪ್ಪತ್ತೇಳು ಮನೆಗಳು, ದೀಪಕ್ಕೆಂದು ಬೇರೆ ಹೊಲ, ಉಪಾಧ್ಯಾಯರಿಗೆ ಐವತ್ತು ನಿವರ್ತನ. ಇವೆಲ್ಲಕ್ಕಿಂತ ಕುತೂಹಲಕರವಾದುದು ಮನೆಮನೆಯ ವಂತಿಗೆ: ಮದುವೆಯಾದಾಗ ಐದು 'ಪುಷ್ಪ', ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ. ಊಟ ಹಾಕಿಸುವವರು ಶಾಲೆಯವರಿಗೂ ಉಣಿಸಬೇಕು. ಶುಭಕಾರ್ಯದ ಖರ್ಚಿನಲ್ಲಿ ಶಾಲೆಗೊಂದು ಪಾಲನ್ನು ಕಡ್ಡಾಯಮಾಡಿದ ಈ ಏರ್ಪಾಡು ಬಹು ಜಾಣತನದ್ದು. ಆ ಊರೆಂದರೆ ಬ್ರಾಹ್ಮಣ ಮಹಾಜನರು, ಆ ವಿದ್ಯೆಯೆಂದರೆ ವೇದಶಾಸ್ತ್ರಗಳು ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಹೊಲ ಉತ್ತವನ ಮಗ ಆ ಇಪ್ಪತ್ತೇಳು ಮನೆಗಳಲ್ಲಿ ಇರಲಿಲ್ಲ. 'ಸಮುದಾಯದ ಪಾಲ್ಗೊಳ್ಳುವಿಕೆ' ಎಂಬ ಮಾತನ್ನು ಕೇಳಿದಾಗಲೆಲ್ಲ ಯಾವ ಸಮುದಾಯ, ಯಾರ ಪಾಲು ಎಂದು ಕೇಳುವ ಅಭ್ಯಾಸವನ್ನು ಈ ಶಾಸನವೇ ನಮಗೆ ಕಲಿಸುತ್ತದೆ.

ಬ್ರಿಟಿಷರ ಕಾಲಕ್ಕೆ ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯ ಸ್ಥಳೀಯ ಕರ ಬಂದಿತು. ೧೮೬೯ರ ಕಾಯಿದೆಯು ಅದನ್ನು ವ್ಯವಸ್ಥೆಗೊಳಿಸಿತು. ಅದರ ಮೂರರಲ್ಲೊಂದು ಪಾಲು ಶಿಕ್ಷಣಕ್ಕೆ. ಹೀಗೆ ವಂತಿಗೆ ಕರವಾಯಿತು, ಊರ ಶಾಲೆ ಸರಕಾರಿ ಶಾಲೆಯಾಯಿತು. ಬೋಧನೆಯ ಭಾಷೆಯ ಪ್ರಶ್ನೆಯೂ ಆಗಲೇ ಎದ್ದಿತ್ತು. ಧಾರವಾಡ, ಬೆಳಗಾವಿ ಸೀಮೆಯ ಕನ್ನಡ ಮಕ್ಕಳು ಮರಾಠಿಯಲ್ಲಿ ಕಲಿಯುತ್ತಿದ್ದ ಸ್ಥಿತಿಯನ್ನು ಬದಲಿಸಲು ೧೮೬೦ರ ದಶಕದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಪಟ್ಟ ಶ್ರಮ ನಮ್ಮ ವಾಚಕರಿಗೆ ತಿಳಿದದ್ದೇ. ಅವರು ಶಾಲೆಗಳನ್ನು ತೆರೆಸುವುದರೊಡನೆ ಶಿಕ್ಷಕರ ತರಬೇತಿಗೂ ಅಷ್ಟೇ ಒತ್ತು ಕೊಟ್ಟರೆಂಬುದು ಇಲ್ಲಿ ಮುಖ್ಯ. ಕನ್ನಡ ಬಲ್ಲ ಮಾಸ್ತರನಿಲ್ಲದೆ ಕನ್ನಡ ಶಾಲೆಯೆಂಬುದು ಬರಿಯ ಫಲಕವೆಂದು ಅವರು ಅರಿತಿದ್ದರು.

೧೯೬೧ರ ಕಾಯಿದೆಯಂತೆ ಮಹಾರಾಷ್ಟ್ರದಲ್ಲಿ ೧೯೬೨ರಿಂದ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದು ಪ್ರಾಥಮಿಕ ಶಾಲೆಗಳ ಹೊಣೆ ಹೊತ್ತವು. ತಾಲೂಕಿಗೆ ಗಟಶಿಕ್ಷಣಾಧಿಕಾರಿ, ಅವರ ಕೆಳಗೆ ವಿಸ್ತಾರಾಧಿಕಾರಿ, ಹಲವು ಶಾಲೆಗಳ ಗುಂಪಿಗೊಬ್ಬ ಕೇಂದ್ರಪ್ರಮುಖ. ೧೯೬೭ರಲ್ಲಿ ಸ್ಥಾಪಿತವಾದ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕ ಅಚ್ಚುಮಾಡುತ್ತ ಬಂದಿದೆ. ಇದನ್ನು ಮೆಚ್ಚಲೇಬೇಕು; ಎಷ್ಟೋ ರಾಜ್ಯಗಳಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪುಸ್ತಕದ ಭಾಗ್ಯವೂ ಇಲ್ಲ.

ಇಂದು ಊರಿಗೂ ಶಾಲೆಗೂ ನಡುವೆ ಇರುವ ಶಾಸನಬದ್ಧ ಕೊಂಡಿಯೆಂದರೆ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೧ನೆಯ ಪ್ರಕರಣದಂತೆ ರಚಿತವಾಗುವ ಶಾಲಾ ವ್ಯವಸ್ಥಾಪನ ಸಮಿತಿ. ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು, ದುರ್ಬಲವರ್ಗದ ಮಕ್ಕಳ ಪಾಲಕರಿಗೆ ಪ್ರಮಾಣಾನುಸಾರ ಸ್ಥಾನ. ಅಧ್ಯಕ್ಷರು ಪಾಲಕರೊಳಗಿನವರು, ಮುಖ್ಯಾಧ್ಯಾಪಕರು ಕಾರ್ಯದರ್ಶಿ. (ಕರ್ನಾಟಕದಲ್ಲಿ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ ೨೦೦೧ರಲ್ಲಿಯೇ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಗಳು ಬಂದಿದ್ದವು, ತುಲನಾತ್ಮಕ ಅಧ್ಯಯನಕ್ಕೆ ಒಳ್ಳೆಯ ವಿಷಯ.) ಸಾಲೋಟಗಿಯ ಮಹಾಜನರ ಮುಂದೆ ಈ ಸಮಿತಿಯನ್ನು ಇಟ್ಟು ನೋಡಿದರೆ ಸಾವಿರ ವರ್ಷಗಳಲ್ಲಿ 'ಊರು' ಎಂಬ ಪದದ ಅರ್ಥ ಎಷ್ಟು ವಿಸ್ತರಿಸಿದೆಯೆಂಬುದು ಕಾಣುತ್ತದೆ. ಕೂಲಿ ಮಾಡುವ ತಾಯಿಗೆ ಕಾಯಿದೆಯ ಪ್ರಕಾರ ಅಲ್ಲಿ ಕುರ್ಚಿಯಿದೆ.

ಕುರ್ಚಿಯಿದ್ದರೂ ಮಾತು ಯಾವ ಭಾಷೆಯಲ್ಲಿ? ಸಭೆಯ ಚರ್ಚೆ ಸಹಜವಾಗಿ ಕನ್ನಡದಲ್ಲಿ ನಡೆದೀತು. ಆದರೆ ಪಂಚಾಯತ ಸಮಿತಿಯಿಂದ ಬರುವ ಸುತ್ತೋಲೆ, ತುಂಬಿ ಕಳಿಸಬೇಕಾದ ತಃಖ್ತೆ, ಅನುದಾನದ ಲೆಕ್ಕ ಎಲ್ಲವೂ ರಾಜ್ಯಭಾಷೆಯಾದ ಮರಾಠಿಯಲ್ಲಿ. ಹೀಗಾಗಿ ಎರಡೂ ಭಾಷೆಯನ್ನು ಓದಬಲ್ಲ ಮುಖ್ಯಾಧ್ಯಾಪಕನೇ ಸಮಿತಿಯ ಕಣ್ಣು ಕಿವಿಯಾಗುತ್ತಾನೆ. ಅವನು ಒಳ್ಳೆಯವನಾದರೆ ಸಮಿತಿ ಚೆನ್ನಾಗಿ ನಡೆಯುತ್ತದೆ. ಅಲ್ಲವಾದರೆ ಸಹಿಗಷ್ಟೇ ಸಮಿತಿ. ಒಂದು ಪ್ರದೇಶದಲ್ಲಿ ಶೇ. ೧೫ಕ್ಕಿಂತ ಹೆಚ್ಚು ಅಲ್ಪಸಂಖ್ಯಾತ ಭಾಷಿಕರಿದ್ದರೆ ಮಹತ್ವದ ಸರಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸಬೇಕೆಂಬ ಅಖಿಲಭಾರತ ಒಪ್ಪಂದವು ೧೯೬೧ರ ಮುಖ್ಯಮಂತ್ರಿಗಳ ಸಮ್ಮೇಳನದ ಕಾಲದ್ದು. ಶಾಲಾ ಸಮಿತಿಯ ಕಾಗದಪತ್ರಗಳಿಗೆ ಅದನ್ನು ಅನ್ವಯಿಸಿದರೆ ಆಗುವ ಖರ್ಚು ಅತ್ಯಲ್ಪ. ಯಾರೂ ಅದನ್ನು ಗಟ್ಟಿಯಾಗಿ ಕೇಳದಿರುವುದು ನಮಗೆ ಸೋಜಿಗವೆನಿಸುತ್ತದೆ.

ಸಮಿತಿಯ ಅಧಿಕಾರವನ್ನು ಅಳೆಯುವಾಗ ಕಾಯಿದೆಯಲ್ಲಿ ಇಲ್ಲದ್ದನ್ನೂ ನೋಡಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಇವು ಅದಕ್ಕೆ ಸೇರಿವೆ. ಶಿಕ್ಷಕರ ನೇಮಕ ಸೇರಿಲ್ಲ. ಕನ್ನಡ ಶಾಲೆಯ ಅಳಿವು ಉಳಿವು ನಿಂತಿರುವುದು ಮಾತ್ರ ಅದರ ಮೇಲೆಯೇ. ೨೦೨೪ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಪ್ರತಿಭಟನೆಗಳು ನಡೆದವು. ಕಾಯಿದೆಯ ೨೬ನೆಯ ಪ್ರಕರಣದಂತೆ ಮಂಜೂರಾದ ಹುದ್ದೆಗಳಲ್ಲಿ ಶೇ. ೧೦ಕ್ಕಿಂತ ಹೆಚ್ಚು ಖಾಲಿ ಇರಬಾರದು. ಆದರೆ ಕನ್ನಡ ಬಾರದ ಶಿಕ್ಷಕ ಬಂದು ಕೂತರೂ ಹುದ್ದೆ ತುಂಬಿದಂತೆಯೇ ಲೆಕ್ಕ. ಮಾತೃಭಾಷೆಯ ಬೋಧನೆಯನ್ನು ಹೇಳುವ ೨೯ನೆಯ ಪ್ರಕರಣದಲ್ಲಿ 'ಸಾಧ್ಯವಿರುವ ಮಟ್ಟಿಗೆ' ಎಂಬ ಅರ್ಥದ ಷರತ್ತೂ ಇದೆ. ಮೊದಲ ತರಗತಿಯ ಮಗು ಅರ್ಥವಾಗದ ಮಾತನ್ನು ಕೇಳುತ್ತ ದಿನವಿಡೀ ಕುಳಿತಿರುವುದು ಯಾವ ತಃಖ್ತೆಯಲ್ಲಿಯೂ ದಾಖಲಾಗುವುದಿಲ್ಲ. ಆ ಶಿಕ್ಷಕನ ಪಾಡೂ ಮರುಕ ಹುಟ್ಟಿಸುವಂಥದೇ. ಅವನು ಕೇಳಿ ಬಂದ ಶಿಕ್ಷೆಯೇನಲ್ಲ ಅದು.

ಇನ್ನು ಸಂಖ್ಯೆಯ ಪ್ರಶ್ನೆ. ತರಗತಿಯಲ್ಲಿ ೧೦ ಅಥವಾ ಶಾಲೆಯಲ್ಲಿ ೪೦ ಮಕ್ಕಳಿದ್ದರೆ ಮಾತೃಭಾಷಾ ಶಿಕ್ಷಕರನ್ನು ಒದಗಿಸಬೇಕೆಂಬುದು ೧೯೪೯ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯ. ವಸ್ತಿಗಳಲ್ಲಿ ಚದುರಿದ ಜನಕ್ಕೆ ಈ ಲೆಕ್ಕ ಎಷ್ಟು ಕಠಿಣವೆಂಬುದನ್ನು ಬೇರೆ ಹೇಳಬೇಕಿಲ್ಲ. ಇದರ ಮೇಲೆ ೨೦೨೩ರಲ್ಲಿ ಮಹಾರಾಷ್ಟ್ರ ಸರಕಾರವು ೨೦ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಒಗ್ಗೂಡಿಸಿ 'ಸಮೂಹ ಶಾಲೆ' ಮಾಡುವ ಪ್ರಸ್ತಾವವನ್ನು ಜಿಲ್ಲೆಗಳಿಂದ ಕೇಳಿತು. ಮರಾಠಿ ವಸ್ತಿಶಾಲೆಯೊಂದು ಹೀಗೆ ಮುಚ್ಚಿದರೆ ಮಗು ಹೆಚ್ಚು ದೂರ ನಡೆಯಬೇಕಾದೀತು. ಕನ್ನಡದ್ದು ಮುಚ್ಚಿದರೆ, ಹತ್ತಿರದಲ್ಲಿರುವುದು ಮರಾಠಿ ಶಾಲೆಯಾದಲ್ಲಿ, ದೂರದ ಜೊತೆಗೆ ಭಾಷೆಯೂ ಬದಲಾಗುತ್ತದೆ. ಒಂದೇ ಆದೇಶ ಎರಡು ಕಡೆ ಎರಡು ಬಗೆಯ ಫಲ ಕೊಡುತ್ತದೆ. ಆದೇಶ ಬರೆಯುವವರ ಗಮನಕ್ಕೆ ಇದು ಬರುವುದೇ ಅಪರೂಪ.

ಸಂಖ್ಯೆ ಕುಸಿಯಲು ಸುಗ್ಗಿಯ ವಲಸೆಯೂ ಕಾರಣ. ದೀಪಾವಳಿಯ ಹೊತ್ತಿಗೆ ಈ ಸೀಮೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮದ ಕಾರ್ಖಾನೆಗಳ ಕಡೆ ಹೊರಡುತ್ತವೆ, ಮರಳುವುದು ಬೇಸಗೆಗೆ. ಕಾರ್ಖಾನೆಯ ಬಯಲಿನ 'ಸಾಖರಶಾಲೆ' ತೆರೆದಿದ್ದರೂ ಅಲ್ಲಿಯ ಪಾಠ ಮರಾಠಿಯಲ್ಲಿ. ಮಗು ಊರಿನಲ್ಲಿಯೇ ಉಳಿಯಬೇಕಾದರೆ ಅಜ್ಜಿಯೋ ನೆರೆಯವರೋ ನೋಡಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ 'ಹಂಗಾಮಿ ವಸತಿಗೃಹ' ಎಂಬ ಯೋಜನೆಯಿದೆ. ಪಾಲಕರು ಕಬ್ಬಿಗೆ ಹೋದ ಅವಧಿಯಲ್ಲಿ ಮಕ್ಕಳಿಗೆ ಊರಿನಲ್ಲಿಯೇ ಊಟ ಮತ್ತು ಆಸರೆ ಒದಗಿಸುವುದು ಇದರ ಉದ್ದೇಶ. ನಡೆಸುವ ಹೊಣೆ ಶಾಲಾ ವ್ಯವಸ್ಥಾಪನ ಸಮಿತಿಯದು. ನಮ್ಮ ದೃಷ್ಟಿಯಲ್ಲಿ ಸಮಿತಿಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ಸುಣ್ಣ ಬಣ್ಣಕ್ಕೆ ಪಟ್ಟಿ ಎತ್ತುವುದು, ಧ್ವಜವಂದನೆಗೆ ಮಿಠಾಯಿ ಹಂಚುವುದು ಯಾವ ಊರಿಗೂ ಆಗದ ಕೆಲಸವಲ್ಲ. ವರದಿಗಳಲ್ಲಿ 'ಲೋಕಸಹಭಾಗ'ವೆಂದು ಬಣ್ಣಿಸಲಾಗುವುದು ಬಹುತೇಕ ಅದನ್ನೇ. ಪರರ ಮಕ್ಕಳನ್ನು ತಿಂಗಳುಗಟ್ಟಲೆ ಉಣಿಸಿ ಮಲಗಿಸುವ ಹೊಣೆ ಬೇರೆಯದೇ. ಸಮಿತಿಯಲ್ಲಿರಬೇಕಾದ ಪಾಲಕರಲ್ಲಿಯೇ ಎಷ್ಟೋ ಮಂದಿ ಆ ತಿಂಗಳುಗಳಲ್ಲಿ ಕಬ್ಬಿನ ಗದ್ದೆಯಲ್ಲಿರುತ್ತಾರೆ. ಸಭೆಗೆ ಉಳಿಯುವವರು ಭೂಮಿ ನೀರು ಉಳ್ಳವರು. ಅವರ ಮಕ್ಕಳು ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುವವರಾದರೆ ಸಮಿತಿಯಲ್ಲಿ ಅವರಿಗೆ ಪಾಲಕರೆಂಬ ಸ್ಥಾನವೂ ಇಲ್ಲ.

ಗಡಿವಿವಾದದ ಮಾತನ್ನು ಪೂರ್ತಿ ಬಿಡಲಾಗದು. ಮಹಾಜನ ಆಯೋಗದ ೧೯೬೭ರ ವರದಿಯಲ್ಲಿ ಜತ್ತದ ಗ್ರಾಮಗಳ ಪ್ರಸ್ತಾಪವಿದೆ. ೨೦೧೨ರಲ್ಲಿ ಪೂರ್ವಭಾಗದ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ನಿರ್ಣಯ ಮಾಡಿದ್ದು ನೀರಿನ ಬವಣೆಯಿಂದ. ೨೦೨೨ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿಗಳು ಆ ನಿರ್ಣಯವನ್ನು ನೆನಪಿಸಿದರು. ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ ಕೊಡುವುದಾಗಿಯೂ ಅದೇ ಸಂದರ್ಭದಲ್ಲಿ ಹೇಳಿದರು. ಉದ್ದೇಶ ಒಳ್ಳೆಯದಿದ್ದರೂ ಎರಡು ಮಾತುಗಳು ಒಂದೇ ಉಸಿರಿನಲ್ಲಿ ಬಂದಾಗ ಕನ್ನಡ ಶಿಕ್ಷಕನನ್ನು ಕೇಳುವ ಪಾಲಕನು ರಾಜ್ಯ ಬಿಡಲು ಹೊರಟವನಂತೆ ಕಾಣತೊಡಗುತ್ತಾನೆ. ಅವನು ಕೇಳುತ್ತಿರುವುದು ಮಹಾರಾಷ್ಟ್ರದ ನಾಗರಿಕನಾಗಿ ತನಗೆ ಸಲ್ಲಬೇಕಾದುದನ್ನು.

ಈ ಕ್ಷೇತ್ರದಲ್ಲಿ ಕೆಲಸ ಮಾಡಬಯಸುವ ಸಂಶೋಧಕರಿಗೆ ಆಕರಗಳು ದೂರದಲ್ಲಿಲ್ಲ. ಪ್ರತಿ ಶಾಲೆಯ ಕಪಾಟಿನಲ್ಲಿ ಪ್ರವೇಶ ನೋಂದಣಿಯ ಹಳೆಯ ಪುಸ್ತಕವಿರುತ್ತದೆ. ಮಕ್ಕಳ ಹೆಸರು, ಜಾತಿ, ತಂದೆಯ ಕಸುಬು, ಶಾಲೆ ಬಿಟ್ಟ ಕಾರಣ ಅದರಲ್ಲಿ ಕಾಣಸಿಗುತ್ತವೆ. ಅದರ ಪಕ್ಕದಲ್ಲಿ ಸಮಿತಿಯ ಇತಿವೃತ್ತದ ವಹಿ. ಯಾವ ವರ್ಷದವರೆಗೆ ಅದನ್ನು ಕನ್ನಡದಲ್ಲಿ ಬರೆದರು, ಯಾವಾಗಿನಿಂದ ಮರಾಠಿಯಾಯಿತು, ನಡುವೆ ಕನ್ನಡ ಮಾತನ್ನೇ ದೇವನಾಗರಿಯಲ್ಲಿ ಬರೆದ ಪುಟಗಳಿವೆಯೇ, ಹೆಬ್ಬೆಟ್ಟಿನ ಜಾಗದಲ್ಲಿ ಸಹಿ ಎಂದು ಬಂದಿತು, ಆ ಸಹಿ ಯಾವ ಲಿಪಿಯಲ್ಲಿದೆ? ಶಾಸನಗಳನ್ನು ಓದಿದ ಕಣ್ಣಿಗೆ ಈ ವಹಿಗಳು ಅಪರಿಚಿತವೆನಿಸಲಾರವು. ಶಾಲೆಗಳನ್ನು ಒಗ್ಗೂಡಿಸುವಾಗ ಹಳೆಯ ದಫ್ತರ ಕಳೆದುಹೋಗುವ ಸಂಭವ ಹೆಚ್ಚು. ಆದ್ದರಿಂದ ಸಣ್ಣ ಶಾಲೆಗಳಿಂದ, ಅದರಲ್ಲಿಯೂ ವಸ್ತಿಯ ಶಾಲೆಗಳಿಂದ, ಈ ಕೆಲಸವನ್ನು ಮೊದಲಿಡುವುದು ಲೇಸು.