ಇಲ್ಲದ ಊರುಗಳ ನೆನಪು

ಮನುಷ್ಯನು ತಾನು ಕಂಡ ಊರುಗಳಲ್ಲಿ ಮಾತ್ರ ಬಾಳುವವನಲ್ಲ. ಕಥೆಯಲ್ಲಿ ಕೇಳಿದ ಊರು, ಕಾವ್ಯದಲ್ಲಿ ಓದಿದ ಊರು, ಕನಸಿನಲ್ಲಿ ಹೊಕ್ಕು ಬಂದ ಊರು, ಇವೂ ಅವನ ಮನಸ್ಸಿನಲ್ಲಿ ನೆಲೆಮಾಡಿಕೊಂಡಿರುತ್ತವೆ. ಅಯೋಧ್ಯೆಯನ್ನೂ ದ್ವಾರಕೆಯನ್ನೂ ನಮ್ಮಲ್ಲಿ ಬಹುಮಂದಿ ಕಂಡಿರುವುದು ಕವಿಗಳ ಕಣ್ಣಿನಿಂದಲೇ. ಈಚಿನ ಕೆಲವು ದಶಕಗಳಲ್ಲಿ ಈ ಪಂಕ್ತಿಗೆ ಇನ್ನೊಂದು ಬಗೆಯ ಊರು ಬಂದು ಸೇರಿದೆ. ಅದು ವಿಡಿಯೋ ಆಟಗಳ ಊರು. ಕಾವ್ಯದ ಊರನ್ನು ಓದುತ್ತೇವೆ, ಚಲಚ್ಚಿತ್ರದ ಊರನ್ನು ನೋಡುತ್ತೇವೆ. ಈ ಊರಿನಲ್ಲಿ ನಾವೇ ನಡೆಯಬೇಕು.

ಈ ಲೇಖಕನಿಗೆ ಅದರ ಪರಿಚಯವಾದದ್ದು ಮೊಮ್ಮಗನ ದೆಸೆಯಿಂದ. ಒಂದು ಸಂಜೆ ಅವನು ಪರದೆಯ ಮುಂದೆ ಕುಳಿತಿದ್ದ. ಪರದೆಯ ಮೇಲೆ ತರುಣನೊಬ್ಬ ಕಿರಿದಾದ ಬೀದಿಯೊಂದರಲ್ಲಿ ಸುಮ್ಮನೆ ನಿಂತಿದ್ದ. ಓಟವಿಲ್ಲ, ಹೊಡೆದಾಟವಿಲ್ಲ. ಆಟ ಕೆಟ್ಟು ನಿಂತಿತೇ ಎಂದು ಕೇಳಿದೆ. “ಇಲ್ಲ ಅಜ್ಜ, ಅಂಗಡಿ ಬಾಗಿಲು ತೆಗೆಯಲಿಕ್ಕೆ ಇನ್ನೂ ಹೊತ್ತಿದೆ. ಕಾಯ್ತಾ ಇದ್ದೇನೆ” ಎಂದ. ಕಾಯುವುದೂ ಆಟದ ಒಂದು ಅಂಗವಾದೀತೆಂದು ನಾನು ತಿಳಿದಿರಲಿಲ್ಲ. ಕುತೂಹಲದಿಂದ ಅವನ ಪಕ್ಕದಲ್ಲಿ ಕುಳಿತೆ.

ಆ ಆಟದ ಹೆಸರು ‘ಶೆನ್ಮೂ’. ಜಪಾನಿನ ಸೆಗಾ ಸಂಸ್ಥೆಯಲ್ಲಿ ಯು ಸುಜುಕಿಯವರ ನಿರ್ದೇಶನದಲ್ಲಿ ಸಿದ್ಧವಾಗಿ 1999ರಲ್ಲಿ ಹೊರಬಂದದ್ದು. ಕಥೆ ನಡೆಯುವುದು ಯೊಕೊಸುಕಾ ಎಂಬ ರೇವುಪಟ್ಟಣದಲ್ಲಿ, 1986ರ ಚಳಿಗಾಲದಲ್ಲಿ. ರ್ಯೊ ಎಂಬ ತರುಣನ ಕಣ್ಣೆದುರಿಗೇ ಅವನ ತಂದೆಯ ಕೊಲೆಯಾಗುತ್ತದೆ. ಕೊಂದವನನ್ನು ಅರಸುತ್ತ ಅವನು ಬೀದಿಬೀದಿ ಅಲೆಯುತ್ತಾನೆ. ಇಂಥ ಕಥೆ ಹಳೆಯದೇ. ಊರು ಮಾತ್ರ ಹೊಸದು. ಅಲ್ಲಿನ ಅಂಗಡಿಗಳಿಗೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇವೆ. ಊರಿನ ಜನ ತಮ್ಮ ತಮ್ಮ ಕೆಲಸಕ್ಕೆ ಹೋಗಿ ಮನೆಗೆ ಮರಳುತ್ತಾರೆ. ಆ ಚಳಿಗಾಲದ ನಿಜವಾದ ಹವಾಮಾನದ ದಾಖಲೆಯಂತೆಯೇ ಮಳೆಯೂ ಹಿಮವೂ ಬೀಳುವ ಏರ್ಪಾಡು ಕೂಡ ಉಂಟು. ಕೊಲೆಗಡುಕರ ಕಾರಿಗೆ ಸಿಕ್ಕಿ ತಾಯಿ ಸತ್ತ ಬೆಕ್ಕಿನ ಮರಿಯೊಂದು ಗುಡಿಯ ಬಳಿ ಪೆಟ್ಟಿಗೆಯೊಂದರಲ್ಲಿ ಮಲಗಿದೆ. ಅದಕ್ಕೆ ತಿನ್ನಲು ಕೊಡಬಹುದು, ಕೊಡದೆಯೂ ಹೋಗಬಹುದು. ಕೊಟ್ಟವನು ಕೊಲೆಗಾರನಿಗೆ ಒಂದು ಹೆಜ್ಜೆಯೂ ಹತ್ತಿರವಾಗುವುದಿಲ್ಲ. ಮೊಮ್ಮಗ ತಪ್ಪದೆ ಕೊಡುತ್ತಿದ್ದ. ಕಡೆಯಲ್ಲಿ ರ್ಯೊ ಹಾಂಗ್‌ಕಾಂಗಿಗೆ ಹಡಗು ಹತ್ತಿ ಊರು ಬಿಟ್ಟಾಗ ಹುಡುಗನ ಮುಖ ಸಪ್ಪಗಾಯಿತು. ಆಟ ಗೆದ್ದವನ ಮುಖವಾಗಿರಲಿಲ್ಲ ಅದು. ವರ್ಗವಾಗಿ ಹೊರಟ ಮನೆಯವರ ಮುಖದಂತಿತ್ತು.

ಅಂದಿನಿಂದ ನಾನು ಅವನ ಇತರ ಊರುಗಳನ್ನೂ ವಿಚಾರಿಸತೊಡಗಿದೆ. ದೊಡ್ಡ ದೊಡ್ಡ ನಗರಗಳ ಹೆಸರು ಬಂದಾವೆಂದು ನಿರೀಕ್ಷಿಸಿದ್ದವನಿಗೆ ಅವನು ಹೇಳಿದ್ದು ಕಮುರೊಚೊ ಎಂಬ ಒಂದು ಕೇರಿಯ ಹೆಸರು. ಟೋಕಿಯೋದ ಕಬುಕಿಚೊ ಎಂಬ ವಿಲಾಸದ ಬಡಾವಣೆಯನ್ನು ಮಾದರಿಯಾಗಿಟ್ಟುಕೊಂಡು 2005ರಲ್ಲಿ ಆರಂಭವಾದ ‘ಯಾಕುಜಾ’ ಸರಣಿಯ ರಂಗಸ್ಥಳ ಅದು. ಕೆಲವೇ ಬೀದಿಗಳ ವಿಸ್ತಾರ. ಆದರೆ ಕಥೆಯ ಮೇಲೆ ಕಥೆ ಬಂದಂತೆ ಆಟಗಾರನು ಮತ್ತೆ ಮತ್ತೆ ಅಲ್ಲಿಗೇ ಮರಳುತ್ತಾನೆ. ಮೊದಲ ಕಥೆಯ ನಾಯಕ ಕಿರ್ಯು ಹತ್ತು ವರ್ಷ ಸೆರೆವಾಸ ಮುಗಿಸಿ ಬಂದು, ಬದಲಾದ ಬೀದಿಯನ್ನು ಹೊಸಬನಂತೆ ನೋಡುತ್ತಾನೆ. 2015ರಲ್ಲಿ ಬಂದ ಇನ್ನೊಂದು ಕಥೆ 1988ರ ಕಾಲದ್ದು. ಅದರಲ್ಲಿ ಅಂಗಳದಷ್ಟು ಅಗಲದ ಒಂದು ಖಾಲಿ ನಿವೇಶನಕ್ಕಾಗಿ ಇಡೀ ಕೇರಿಯೇ ರಣರಂಗವಾಗುತ್ತದೆ. ಒಂದು ಮೂಲೆಯನ್ನು ಇಪ್ಪತ್ತು ಸಲ ಹಾದುಹೋದವನಿಗೆ ಅಲ್ಲಿನ ಅಂಗಡಿಯ ಫಲಕ ಬದಲಾದರೆ ಕೂಡಲೇ ತಿಳಿಯುತ್ತದೆ. ಬಳಕೆಯಿಂದ ಹುಟ್ಟುವ ಈ ಮಮತೆಯನ್ನು ವಿಸ್ತಾರ ಕೊಡಲಾರದು.

ಊರಿಗೆ ನಾವು ಪರಿಚಿತರಾದರೆ ಸಾಲದು; ನಮ್ಮ ನಡತೆಯನ್ನು ಅದು ಮರೆಯದಿರಬೇಕು. 2012ರ ‘ಡಿಸ್‌ಆನರ್ಡ್’ ಆಟದ ಡನ್‌ವಾಲ್ ಇಂಥ ನಗರ. ಹಳೆಯ ಲಂಡನ್ನಿನ ಛಾಯೆಯುಳ್ಳ, ತಿಮಿಂಗಿಲದ ಎಣ್ಣೆಯಿಂದ ಬೆಳಗುವ, ಇಲಿಗಳು ಹಬ್ಬಿಸಿದ ಮಾರಿಯಿಂದ ನಲುಗಿದ ಈ ನಗರಕ್ಕೆ ರೂಪ ಕೊಟ್ಟವರಲ್ಲಿ ಬಲ್ಗೇರಿಯದ ಸೋಫಿಯಾದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ವಿಕ್ಟರ್ ಆಂಟೊನೊವ್ ಪ್ರಮುಖರು. ಮಹಾರಾಣಿಯ ಕೊಲೆಯ ಸುಳ್ಳು ಆರೋಪ ಹೊತ್ತ ಅಂಗರಕ್ಷಕನೇ ಇಲ್ಲಿ ಕಥಾನಾಯಕ. ಅವನು ಕತ್ತಿಯನ್ನು ಒರೆಯಲ್ಲಿಟ್ಟೇ ಕಾರ್ಯ ಸಾಧಿಸಬಹುದು. ಅಡ್ಡ ಬಂದವರನ್ನೆಲ್ಲ ಕೊಲ್ಲಲೂಬಹುದು. ಕೊಲೆ ಹೆಚ್ಚಿದರೆ ಇಲಿಗಳೂ ರೋಗಿಗಳೂ ಹೆಚ್ಚುತ್ತಾರೆ. ಊರು ಮತ್ತಷ್ಟು ಕತ್ತಲಾಗುತ್ತದೆ. ಅವನನ್ನು ನದಿ ದಾಟಿಸುತ್ತಿದ್ದ ಮುದಿ ದೋಣಿಯವನೇ ಕಡೆಗೆ ಛೀ ಎಂದು ಮುಖ ತಿರುಗಿಸುತ್ತಾನೆ. ಆಳುವವರ ಪಾಪದಿಂದ ನಾಡು ಬರಡಾಗುವುದೆಂಬ ನಮ್ಮ ಪುರಾಣಗಳ ಮಾತು ನನಗೆ ಆಗ ನೆನಪಾಯಿತು.

ಇನ್ನು ನಮ್ಮ ನಾಡಿನದೇ ಒಂದು ಉದಾಹರಣೆ. 2017ರಲ್ಲಿ ಬಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಎಂಬ ಆಟದಲ್ಲಿ ಕ್ಲೋಯಿ ಎಂಬ ಸಾಹಸಿ ಮಹಿಳೆ ಗಣೇಶನ ದಂತವನ್ನು ಹುಡುಕುತ್ತ ಪಶ್ಚಿಮಘಟ್ಟಕ್ಕೆ ಬರುತ್ತಾಳೆ. ಹೊಯ್ಸಳರ ಮಾತೂ ಹಳೇಬೀಡಿನ ಹೆಸರೂ ಬರುತ್ತವೆಂದು ತಿಳಿದು ನಾನು ಬಹು ಆಸೆಯಿಂದ ನೋಡಿದೆ. ಜಲಪಾತಗಳೂ ಮುಗಿಲೆತ್ತರದ ವಿಗ್ರಹಗಳೂ ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಜವಾದ ಹಳೇಬೀಡು, ಬಳಪದ ಕಲ್ಲಿನಲ್ಲಿ ಬೆರಳಿನಷ್ಟು ಉಂಗುರವನ್ನೂ ಬಿಡದೆ ಕಡೆದ, ಗೋಡೆಯ ಬಳಿ ಬಾಗಿ ನಿಂತು ನೋಡಬೇಕಾದ ಶಿಲ್ಪದ ಊರು. ಆಟದ ಪಾಳುನಗರದಲ್ಲಿ ನೀರು ಸೇದುವವರಿಲ್ಲ, ದೀಪ ಹಚ್ಚುವವರಿಲ್ಲ. ಬೆರಗಾದೆ; ಮಾರನೆಯ ದಿನ ಅಲ್ಲಿಗೆ ಮತ್ತೆ ಹೋಗಬೇಕೆನ್ನಿಸಲಿಲ್ಲ.

ಇಲ್ಲದ ಊರಿಗಾಗಿ ಹಂಬಲಿಸುವುದು ಹುಚ್ಚಲ್ಲವೇ ಎಂದು ಕೇಳುವವರುಂಟು. ನಾನೂ ಕೇಳುತ್ತಿದ್ದೆನೇನೋ. ಆದರೆ ನನ್ನ ಬಾಲ್ಯದ ಊರು ಶರಾವತಿಯ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಗಿ, ಅದು ನೀರಿನಡಿಗೆ ಸೇರಿತು. ನಾಡಿಗೆ ಬೆಳಕು ಬಂತು. ಮೊಮ್ಮಗನ ಪರದೆಯನ್ನು ಬೆಳಗುವ ವಿದ್ಯುತ್ತಿನಲ್ಲಿಯೂ ಆ ನೀರಿನ ಪಾಲು ಇದ್ದೀತು. ಆ ಊರಿನ ಒಂದು ಭಾವಚಿತ್ರವೂ ನನ್ನ ಬಳಿ ಇಲ್ಲ. ನಿದ್ದೆ ಬಾರದ ರಾತ್ರಿಗಳಲ್ಲಿ ಮಾತ್ರ ಅಲ್ಲಿ ನಡೆದು ಬರುತ್ತೇನೆ. ಎಲ್ಲಿ ಮೆಟ್ಟಿಲು ಮುರಿದಿದೆ, ಯಾವ ಬೇಲಿಯಾಚೆ ನಾಯಿ ಇದೆ ಎಂಬುದು ಕಾಲಿಗೆ ಗೊತ್ತು.

ಇದನ್ನು ಹುಡುಗನಿಗೆ ಹೇಳಿದೆ. ಅವನು ಸಮಾಧಾನದ ಮಾತೇನೂ ಆಡಲಿಲ್ಲ. “ಅಜ್ಜ, ನಿಮ್ಮೂರಲ್ಲಿ ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತಿತ್ತು?” ಎಂದು ಕೇಳಿದ. “ಮೊದಲ ಬಸ್ಸು ಬಂದು ಹೋದ ಮೇಲೆ” ಎಂದೆ, ಯೋಚಿಸಬೇಕಾಗಲಿಲ್ಲ. ಅವನು ಒಂದು ಹಾಳೆಯನ್ನೂ ಪೆನ್ಸಿಲನ್ನೂ ತಂದು ನನ್ನ ಮುಂದಿಟ್ಟ. ಬೀದಿಯನ್ನು ಬರೆದೆ, ಅಂಗಡಿಯನ್ನು ಗುರುತಿಸಿದೆ. ಅಲ್ಲಿಂದ ಹೊಳೆಗೆ ಹೋಗುವ ದಾರಿ ಯಾವುದೆಂದು ಅವನು ಕೇಳಿದ.