ಆರ್ಟ್ ಗ್ಯಾಲರಿಯಲ್ಲಿ ಮದುವೆ: ಸ್ಥಳ ನೋಡಲು ಹೋದಾಗ ಜೈನ ಕುಟುಂಬಗಳು ಗಮನಿಸಬೇಕಾದ ಸಂಗತಿಗಳು

ಮದುವೆ ಎಂದರೆ ಕಲ್ಯಾಣ ಮಂಟಪ ಎಂಬ ರೂಢಿ ಈಚಿನ ವರ್ಷಗಳಲ್ಲಿ ಸ್ವಲ್ಪ ಸಡಿಲವಾಗಿದೆ. ತೋಟದ ಮನೆ, ಹಳೆಯ ಬಂಗಲೆ, ರೆಸಾರ್ಟ್‌ಗಳ ಸಾಲಿಗೆ ಈಗ ಚಿಕ್ಕ ಆರ್ಟ್ ಗ್ಯಾಲರಿಗಳೂ ಸೇರಿವೆ. ಎರಡೂ ಕಡೆಯವರು ಸೇರಿ ನೂರು ಜನ ಸಾಕು, ಆಡಂಬರ ಬೇಡ ಎನ್ನುವ ವಧು-ವರರಿಗೆ ಇಂಥ ಜಾಗ ಹಿಡಿಸುತ್ತದೆ. ಮನೆಯ ಹಿರಿಯರ ಪ್ರಶ್ನೆ ಬೇರೆ: ಅಲ್ಲಿ ನಮ್ಮ ವಿಧಿ ನಡೆಯುತ್ತದೆಯೇ? ನಮ್ಮ ಊಟ ಸಿಗುತ್ತದೆಯೇ?

ನಡೆಸಬಹುದು, ಸಿಗುತ್ತದೆ. ಆದರೆ ಬೆಂಕಿ, ಊಟದ ಹೊತ್ತು, ಅಡುಗೆಮನೆ, ಗೋಡೆಯ ಮೇಲಿನ ಚಿತ್ರಗಳು ಎಂಬ ನಾಲ್ಕು ವಿಷಯಗಳನ್ನು ಮುಂಗಡ ಕೊಡುವ ಮೊದಲೇ ಇತ್ಯರ್ಥ ಮಾಡಿಕೊಂಡಿರಬೇಕು. ಮಂಟಪದಲ್ಲಿ ಕೇಳದೆಯೇ ದೊರೆಯುವ ಅನುಕೂಲಗಳು ಗ್ಯಾಲರಿಯಲ್ಲಿ ಕೇಳಿದರೆ ಮಾತ್ರ ದೊರೆಯುತ್ತವೆ.

ಗ್ಯಾಲರಿಗಳು ಬಾಡಿಗೆಗೆ ಏಕೆ ಕೊಡುತ್ತವೆ

ಚಿಕ್ಕ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಪ್ರವೇಶ ಶುಲ್ಕ ಇರುವುದಿಲ್ಲ. ಚಿತ್ರ ಮಾರಾಟವಾದಾಗ ಕಲಾವಿದರಿಗೆ ಒಂದು ಪಾಲು, ಗ್ಯಾಲರಿಗೆ ಒಂದು ಪಾಲು ಸೇರುತ್ತದೆ. ಮಾರಾಟ ಪ್ರತಿ ತಿಂಗಳೂ ಆಗುವುದಿಲ್ಲ. ಕಟ್ಟಡದ ಬಾಡಿಗೆ, ವಿದ್ಯುತ್ ಬಿಲ್, ಸಿಬ್ಬಂದಿಯ ಸಂಬಳ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಪುಸ್ತಕ ಬಿಡುಗಡೆ, ಸಂಗೀತ ಗೋಷ್ಠಿ, ಮದುವೆಗಳಿಗೆ ಸಭಾಂಗಣವನ್ನು ಕೊಟ್ಟು ಖರ್ಚು ತೂಗಿಸುತ್ತಾರೆ. ಮದುವೆಯ ಹಣದಿಂದ ಮುಂದಿನ ಪ್ರದರ್ಶನ ನಡೆಯುತ್ತದೆ ಎಂದರೂ ತಪ್ಪಿಲ್ಲ. ಆದರೆ ಆ ಜಾಗದ ಮೊದಲ ಕೆಲಸ ಚಿತ್ರಗಳನ್ನು ಕಾಪಾಡುವುದು. ಅಲ್ಲಿಯ ನಿಯಮಗಳೆಲ್ಲ ಅದರಿಂದಲೇ ಹುಟ್ಟಿವೆ.

ಪುರಾಣದಲ್ಲೊಂದು ಚಿತ್ರ, ಒಂದು ಮದುವೆ

ಚಿತ್ರಕ್ಕೂ ಮದುವೆಗೂ ಇರುವ ನಂಟು ಜೈನರಿಗೆ ಹೊಸದಲ್ಲ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲೂ ಕ್ರಿ.ಶ. 941ರ ಪಂಪನ ಕನ್ನಡ ಆದಿಪುರಾಣದಲ್ಲೂ ಶ್ರೀಮತಿ-ವಜ್ರಜಂಘರ ಕಥೆ ಬರುತ್ತದೆ. ಚಕ್ರವರ್ತಿಯ ಮಗಳು ಶ್ರೀಮತಿಗೆ ಹಿಂದಿನ ಜನ್ಮದ ನೆನಪು ಮರಳುತ್ತದೆ. ಆಗ ತಾನು ಸ್ವಯಂಪ್ರಭೆ, ಪತಿ ಲಲಿತಾಂಗದೇವ. ಆ ಜನ್ಮದ ಘಟನೆಗಳನ್ನು ಚಿತ್ರಪಟದಲ್ಲಿ ಬರೆದು, ಅದನ್ನು ಜಿನಾಲಯದಲ್ಲಿ ತೋರಿಸಲು ದಾದಿ ಪಂಡಿತೆ ಹೋಗುತ್ತಾಳೆ. ತಾನೇ ಲಲಿತಾಂಗ ಎಂದು ಸುಳ್ಳು ಹೇಳಿಕೊಂಡು ಬಂದವರು ಸಿಕ್ಕಿಬೀಳುತ್ತಾರೆ. ವಜ್ರಜಂಘ ಮಾತ್ರ ಪಟವನ್ನು ಕಂಡ ಕೂಡಲೇ ಎಲ್ಲವನ್ನೂ ಗುರುತಿಸುತ್ತಾನೆ, ಮುಂದೆ ಇಬ್ಬರ ವಿವಾಹವಾಗುತ್ತದೆ. ಈ ವಜ್ರಜಂಘನೇ ಮುಂದೆ ಆದಿತೀರ್ಥಂಕರನಾಗುವ ಜೀವ; ಶ್ರೀಮತಿಯ ಜೀವ, ಅವರಿಗೆ ಕಬ್ಬಿನ ಹಾಲಿನ ಆಹಾರದಾನ ಮಾಡಿದ ಶ್ರೇಯಾಂಸ. ಚಿತ್ರಗಳಿರುವ ಜಾಗದಲ್ಲಿ ಮದುವೆಯೇ ಎಂದು ಮೂಗು ಮುರಿಯುವವರಿಗೆ ಈ ಕಥೆಯನ್ನು ನೆನಪಿಸಬಹುದು.

ಬೆಂಕಿ ಮತ್ತು ಹೊಗೆ

ಅದೇ ಕಥೆಯ ಮುಂದಿನ ಭಾಗ ಎಚ್ಚರಿಕೆಯನ್ನೂ ಹೇಳುತ್ತದೆ. ಶಯನಗೃಹದಲ್ಲಿ ಧೂಪ ಹಾಕಿದ ಪರಿಚಾರಕರು ಕಿಟಕಿ ತೆರೆಯಲು ಮರೆಯುತ್ತಾರೆ. ತುಂಬಿಕೊಂಡ ಹೊಗೆಯಲ್ಲೇ ಆ ದಂಪತಿ ಉಸಿರು ಬಿಡುತ್ತಾರೆ. ಗ್ಯಾಲರಿಗಳಲ್ಲಿ ಬಿಸಿಲು, ದೂಳು ಒಳಬರದಂತೆ ಕಿಟಕಿಗಳನ್ನು ಕಡಿಮೆ ಇಟ್ಟಿರುತ್ತಾರೆ ಅಥವಾ ಮುಚ್ಚಿರುತ್ತಾರೆ. ಅಂಥ ಹವಾನಿಯಂತ್ರಿತ ಕೋಣೆಯಲ್ಲಿ ಹೋಮ ಮಾಡಿದರೆ ವೃದ್ಧರಿಗೆ, ಮಕ್ಕಳಿಗೆ ಉಸಿರು ಕಟ್ಟುತ್ತದೆ, ಚಿತ್ರಗಳ ಮೇಲೆ ಮಸಿ ಕೂರುತ್ತದೆ, ಹೊಗೆ ಪತ್ತೆ ಮಾಡುವ ಯಂತ್ರ ಮಂಗಲಾಷ್ಟಕದ ನಡುವೆಯೇ ಕೂಗಿಕೊಳ್ಳಬಹುದು.

ಮೈಸೂರಿನ ಇತಿಹಾಸದಲ್ಲೂ ಒಂದು ಉದಾಹರಣೆಯಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ಹೊತ್ತಿನಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. 1912ರಲ್ಲಿ ಹೊಸ ಅರಮನೆ ಪೂರ್ಣಗೊಳ್ಳುವವರೆಗೆ ರಾಜಮನೆತನ ಜಗನ್ಮೋಹನ ಅರಮನೆಯಲ್ಲಿತ್ತು. ಆ ಜಗನ್ಮೋಹನವೇ 1915ರಲ್ಲಿ ಚಿತ್ರಶಾಲೆಯಾಯಿತು. ರವಿವರ್ಮನ ಚಿತ್ರಗಳು, ಹಲ್ದಣ್ಕರರ ದೀಪ ಹಿಡಿದ ಮಹಿಳೆ ಇರುವುದು ಅಲ್ಲಿಯೇ.

ನಮ್ಮ ವಿವಾಹ ವಿಧಿಯಲ್ಲಿ ಅಗ್ನಿಗೆ ಸ್ಥಾನವಿದೆ. ತೀರ್ಥಂಕರ, ಗಣಧರ, ಕೇವಲಿಗಳ ನಿರ್ವಾಣದ ಸ್ಮರಣೆಗಾಗಿ ಮೂರು ಅಗ್ನಿಗಳನ್ನು ಹೇಳಿದೆ. ಆದ್ದರಿಂದ ಸ್ಥಳ ನೋಡಲು ಹೋಗುವಾಗ ವಿಧಿ ನಡೆಸುವವರನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಕರಾವಳಿಯಲ್ಲಿ ಇಂದ್ರರು, ಬೆಳಗಾವಿ ಕಡೆ ಉಪಾಧ್ಯೆಯವರು, ಬೇರೆಡೆ ಪುರೋಹಿತರು ಜಾಗ ನೋಡಿದರೆ ಹೋಮಕುಂಡ ಎಲ್ಲಿ, ಎಷ್ಟು ದೊಡ್ಡದು, ಎಷ್ಟು ಹೊತ್ತು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಒಳಾಂಗಣ ಅಥವಾ ಅಂಗಳವಿದ್ದರೆ ಹೋಮವನ್ನು ಅಲ್ಲಿ ಇಟ್ಟುಕೊಂಡು, ಉಳಿದ ವಿಧಿಗಳನ್ನು ಸಭಾಂಗಣದಲ್ಲಿ ನಡೆಸಬಹುದು. ಅಂಗಳವೂ ಇಲ್ಲ, ಒಳಗೆ ಬೆಂಕಿಗೆ ಅನುಮತಿಯೂ ಇಲ್ಲ ಎಂದಾದರೆ ಬೆಳಿಗ್ಗೆ ಬಸದಿಯ ಆವರಣದಲ್ಲಿ ವಿಧಿ ಮುಗಿಸಿ, ಗ್ಯಾಲರಿಯನ್ನು ಊಟ ಮತ್ತು ಆರತಕ್ಷತೆಗೆ ಮಾತ್ರ ಬಳಸುವುದು ಸುಲಭದ ದಾರಿ.

ಊಟದ ಹೊತ್ತು, ಅಡುಗೆಮನೆ

ಗ್ಯಾಲರಿಗಳು ಹಗಲಿನಲ್ಲಿ ಪ್ರದರ್ಶನಕ್ಕೆ ತೆರೆದಿರುವುದರಿಂದ ಸಮಾರಂಭಗಳಿಗೆ ಹೆಚ್ಚಾಗಿ ಸಂಜೆಯ ಹೊತ್ತನ್ನೇ ಕೊಡುತ್ತವೆ. ಜೈನ ಕುಟುಂಬಗಳಿಗೆ ತೊಡಕಾಗುವುದು ಇಲ್ಲಿ. ಬೆಂಗಳೂರಿನಲ್ಲಿ ನವೆಂಬರ್ ಕೊನೆಯಲ್ಲಿ 6 ಗಂಟೆಗೆ ಮೊದಲೇ ಸೂರ್ಯಾಸ್ತವಾಗುತ್ತದೆ. ಮೇ ತಿಂಗಳ ನಡುವಿನಲ್ಲಿ 6.35ರ ಸುಮಾರಿಗೆ. 7 ಗಂಟೆಗೆ ಊಟ ಬಡಿಸಿದರೆ ರಾತ್ರಿ ಭೋಜನ ತ್ಯಾಗದ ನಿಯಮವಿರುವ ಅಜ್ಜಿ ಮೊಮ್ಮಗಳ ಮದುವೆಯಲ್ಲೇ ಉಪವಾಸ ಮಲಗಬೇಕಾಗುತ್ತದೆ. ಅವರು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಹಾಗಾಗಿ ಸಭಾಂಗಣ ಎಷ್ಟು ಗಂಟೆಗೆ ಕೈಗೆ ಸಿಗುತ್ತದೆ ಎಂಬುದನ್ನು ಬಾಡಿಗೆ ಎಷ್ಟು ಎಂದು ಕೇಳುವ ಮೊದಲೇ ಕೇಳಬೇಕು. ಗ್ಯಾಲರಿಗೆ ವಾರದ ರಜೆ ಇರುವ ದಿನವನ್ನು ಆರಿಸಿಕೊಂಡರೆ ಬೆಳಗಿನಿಂದಲೇ ಜಾಗ ಸಿಗುವ ಸಾಧ್ಯತೆ ಹೆಚ್ಚು.

ಚಿಕ್ಕ ಗ್ಯಾಲರಿಯಲ್ಲಿ ದೊಡ್ಡ ಅಡುಗೆಮನೆ ಇರುವುದು ಅಪರೂಪ. ಕಾಫಿ ಮಾಡುವಷ್ಟು ಜಾಗ ಇದ್ದರೆ ಹೆಚ್ಚು. ಇದು ಅನುಕೂಲವೇ ಆಗಬಹುದು. ನಮ್ಮದೇ ಅಡುಗೆಯವರು ಹೊರಗೆ ಮಾಡಿ ತಂದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯಂಥ ಕಂದಮೂಲಗಳ ಆತಂಕವಿಲ್ಲ. ಆದರೆ ಕೆಲವು ಗ್ಯಾಲರಿಗಳು ತಮ್ಮ ಕೆಫೆಯಿಂದಲೇ ಊಟ ತರಿಸಬೇಕು ಎನ್ನುತ್ತವೆ. ಆ ಕೆಫೆಯಲ್ಲಿ ಮಾಂಸದಡುಗೆ ಇದೆಯೇ, ಪಾತ್ರೆ ಬೇರೆಯೇ, ಹೊರಗಿನ ಅಡುಗೆಗೆ ಒಪ್ಪುತ್ತಾರೆಯೇ ಎಂದು ಸ್ಪಷ್ಟವಾಗಿ ವಿಚಾರಿಸಬೇಕು. ಪ್ರದರ್ಶನದ ಉದ್ಘಾಟನೆಗಳಲ್ಲಿ ಮದ್ಯ ಕೊಡುವ ರೂಢಿಯೂ ಕೆಲವೆಡೆ ಇರುವುದರಿಂದ, ಆ ದಿನ ಆವರಣದಲ್ಲಿ ಅದು ಇರಬಾರದೆಂದು ಮೊದಲೇ ತಿಳಿಸಬೇಕು. ನೀರು ಸೋಸಿ ತುಂಬಿಡಲು, ಕೈ ತೊಳೆಯಲು, ಎಂಜಲೆಲೆ ಸಾಗಿಸಲು ಜಾಗ ಎಲ್ಲಿ ಎಂಬುದನ್ನು ಅಡುಗೆಯವರೇ ಬಂದು ನೋಡಿದರೆ ಒಳಿತು.

ಗೋಡೆಯ ಮೇಲಿನ ಚಿತ್ರಗಳು

ಸ್ಥಳ ನೋಡಲು ಹೋದ ದಿನದ ಚಿತ್ರಗಳು ಮದುವೆಯ ದಿನ ಇರುತ್ತವೆ ಎನ್ನುವಂತಿಲ್ಲ. ಕೆಲವು ವಾರಗಳಿಗೊಮ್ಮೆ ಪ್ರದರ್ಶನ ಬದಲಾಗುತ್ತದೆ. ಆ ದಿನಾಂಕಕ್ಕೆ ಯಾರ ಪ್ರದರ್ಶನ, ಯಾವ ವಿಷಯ ಎಂದು ಕೇಳಿಕೊಳ್ಳಬೇಕು. ಹಿಂಸೆಯ ದೃಶ್ಯವೋ ಹಿರಿಯರಿಗೆ ಮುಜುಗರ ತರುವ ಚಿತ್ರವೋ ಇದ್ದರೆ ಆ ಗೋಡೆಗೆ ಪರದೆ ಹಾಕಬಹುದೇ ಎಂದು ಮರ್ಯಾದೆಯಿಂದ ವಿಚಾರಿಸಬಹುದು. ಕಲಾವಿದರು ಒಪ್ಪದಿದ್ದರೆ ಬೇರೆ ದಿನಾಂಕ ನೋಡಬೇಕೇ ಹೊರತು, ಮದುವೆಯ ದಿನ ತಾವೇ ಚಿತ್ರ ತೆಗೆದಿಡುವುದು ಸಲ್ಲದು.

ಗೋಡೆಗೆ ಮೊಳೆ, ಅಂಟುಪಟ್ಟಿ, ಹೂವಿನ ತೋರಣ ಬೇಡ. ಅಕ್ಷತೆ ಎರಚುವ ಬದಲು ಹತ್ತಿರ ಬಂದು ತಲೆಯ ಮೇಲೆ ಇಡಬಹುದು. ಉಳಿದ ಅಕ್ಕಿಕಾಳಿಗೆ ಹುಳು ಬರುವುದೂ, ಅದು ಕಾಲಡಿ ಸಿಗುವುದೂ ತಪ್ಪುತ್ತದೆ. ಅರಿಸಿನ ಶಾಸ್ತ್ರವನ್ನು ಮನೆಯಲ್ಲೇ ಮುಗಿಸಿಕೊಳ್ಳುವುದು ಲೇಸು. ಕಾಗದದ ಮೇಲಿನ ಚಿತ್ರ ಬೆಳಕಿಗೆ ಬೇಗ ಬಣ್ಣ ಕಳೆದುಕೊಳ್ಳುತ್ತದೆ. ಸಂಗ್ರಹಾಲಯಗಳು ಅಂಥವುಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕೆನ್ನುತ್ತವೆ. ವಿಡಿಯೋದವರ ಪ್ರಖರ ದೀಪಗಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇದನ್ನು ಛಾಯಾಗ್ರಾಹಕರಿಗೆ ಮೊದಲೇ ತಿಳಿಸಬೇಕು.

ಗ್ಯಾಲರಿಯಲ್ಲಿ ತೀರ್ಥಂಕರರ ಅಥವಾ ಬಾಹುಬಲಿಯ ಚಿತ್ರ, ಶಿಲ್ಪ ಇರಬಹುದು. ಪಂಚಕಲ್ಯಾಣ ಪ್ರತಿಷ್ಠೆ ಆಗಿಲ್ಲದ್ದರಿಂದ ಅದು ಪೂಜೆಯ ಬಿಂಬವಲ್ಲ, ಕಲಾಕೃತಿ. ಆದರೂ ಅದರ ಮುಂದೆ ಊಟದ ಮೇಜು ಹಾಕುವುದು, ಅದನ್ನು ಫೋಟೋದ ಹಿನ್ನೆಲೆ ಮಾಡಿಕೊಳ್ಳುವುದು ಮನಸ್ಸಿಗೆ ಒಪ್ಪುವ ಮಾತಲ್ಲ. ಬಸದಿಯಿಂದ ಸಿದ್ಧಯಂತ್ರವನ್ನು ತರುವುದಾದರೆ ಅದಕ್ಕೆ ಪ್ರತ್ಯೇಕವಾದ, ಶುಚಿಯಾದ, ಪಾದರಕ್ಷೆ ಸುಳಿಯದ ಜಾಗ ಬೇಕು.

ಕಾನೂನು ಮತ್ತು ಕರಾರು

ಗ್ಯಾಲರಿಯಲ್ಲಿ ಆದ ಮದುವೆಗೆ ಮಾನ್ಯತೆ ಇದೆಯೇ ಎಂಬ ಅನುಮಾನ ಬೇಡ. 1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ನಡೆಯಬೇಕೆಂದು ಅದರ 7ನೇ ಕಲಂ ಹೇಳುತ್ತದೆ. ಇಂಥ ಕಟ್ಟಡದಲ್ಲೇ ಆಗಬೇಕೆಂದು ಹೇಳುವುದಿಲ್ಲ. ನೋಂದಣಿಗಾಗಿ ಆಮಂತ್ರಣ ಪತ್ರಿಕೆ ಮತ್ತು ವಿಧಿಯ ಫೋಟೋಗಳನ್ನು ಜೋಪಾನವಾಗಿಡಬೇಕು.

ಕರಾರು ಬರಹದಲ್ಲಿರಲಿ. ಚಿತ್ರಕ್ಕೆ ಹಾನಿಯಾದರೆ ಹೊಣೆ ಯಾರದು, ವಿಮೆ ಇದೆಯೇ, ಎಷ್ಟು ಜನರಿಗೆ ಮಿತಿ, ಹೋಮಕ್ಕೆ ಅನುಮತಿ ಎಲ್ಲಿ, ಹೊರಗಿನ ಅಡುಗೆಗೆ ಒಪ್ಪಿಗೆ ಇದೆಯೇ, ಜಾಗ ಎಷ್ಟು ಗಂಟೆಗೆ ಸಿಗುತ್ತದೆ, ಇವೆಲ್ಲ ಅದರಲ್ಲಿ ಬರಬೇಕು.

ಮುಹೂರ್ತದ ಹೊತ್ತಿಗೇ ಒಮ್ಮೆ ಹೋಗಿ ನೋಡಿ ಬಂದರೆ ಬೆಳಕು, ಗಾಳಿ, ವಾಹನ ನಿಲುಗಡೆ ಎಲ್ಲ ಕಣ್ಣಿಗೆ ಬೀಳುತ್ತವೆ. ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಬೇಕು. ಅವರು ಕೂರುವ ಕುರ್ಚಿ ಎಲ್ಲಿ, ಉಣ್ಣುವ ಹೊತ್ತು ಯಾವುದು ಎಂಬುದು ಅಂದೇ ಗೊತ್ತಾದರೆ ಅರ್ಧ ಆಕ್ಷೇಪಣೆ ಅಲ್ಲೇ ಕರಗುತ್ತದೆ.